ಬಿಸಿಯ ಲೆಕ್ಕ ಬಿಡದ ಜೌಲ್

ಹೋದ ಬೇಸಿಗೆ ರಜೆಗೆ ನಂದಗಡಕ್ಕೆ ಹೋದಾಗ ನನ್ನ ಗೇಮಿಂಗ್ ಪಿಸಿ ಹುಚ್ಚು ಹಿಡಿದವರ ಹಂಗ ಆಡ್ತಿತ್ತು. ಗೇಮ್ ಶುರು ಮಾಡಿ ಅರ್ಧ ತಾಸು ಆಗೋದರೊಳಗೆ ನೀಲಿ ಸ್ಕ್ರೀನ್, ಆಮೇಲೆ ರೀಸ್ಟಾರ್ಟ್. ತಪ್ಪು ನಂದೇ. 4.2 ಗಿಗಾಹರ್ಟ್ಸ್‌ನಲ್ಲಿ ಆರಾಮಾಗಿ ಇದ್ದ ಆರು ಕೋರಿನ ಪ್ರೊಸೆಸರನ್ನು ಬಯೋಸ್‌ಗೆ ಹೋಗಿ 4.7ಕ್ಕೆ ಏರಿಸಿದ್ದೆ. ಕ್ರ್ಯಾಶ್ ಆದಾಗೆಲ್ಲ ವೋಲ್ಟೇಜ್ ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ 1.20ರಿಂದ 1.35ಕ್ಕೆ ಬಂದಿದ್ದೆ. ವಿಚಿತ್ರ ಅಂದ್ರೆ ಹೆಚ್ಚಿಸಿದಷ್ಟೂ ಬೇಗ ಬೇಗ ಬೀಳ್ತಿತ್ತು. ಅಪ್ಪ ಊರಿನ ಕರೆಂಟೇ ಸರಿ ಇಲ್ಲ, ಅದಕ್ಕೇ ಹಿಂಗಾಗ್ತದ ಅಂತ ತಿಳಿದಿದ್ರು. ನಾನು ಸುಮ್ಮನಿದ್ದೆ. ಕಾಲೇಜಿನ ಕ್ಯಾಡ್ ಕೆಲಸಕ್ಕೆ ಬೇಕು ಅಂತ ಹೇಳಿ ತರಿಸಿಕೊಂಡ ಪಿಸಿ ಅದು. ಸುಟ್ಟರೆ ಇನ್ನೊಂದು ಬರೋದಿಲ್ಲ ಅಂತ ನನಗೂ ಗೊತ್ತಿತ್ತು.

ಆವತ್ತು ರಾತ್ರಿ ಉಷ್ಣ, ಪವರ್ ಅಂತ ಹುಡುಕ್ತಾ ಕೂತಾಗ ಒಂದು ಹಳೇ ಹೆಸರು ಎದುರಾಯ್ತು. ಹತ್ತನೇ ಕ್ಲಾಸಿನಲ್ಲಿ ನಾವೆಲ್ಲ ಸೂತ್ರ ಬರೆದು ಮಾರ್ಕ್ಸ್ ತಗೊಂಡು ಮರೆತುಬಿಟ್ಟ ಜೇಮ್ಸ್ ಪ್ರೆಸ್ಕಾಟ್ ಜೌಲ್. ಯೂನಿಟ್ ಅಂತ ಗೊತ್ತಿತ್ತು. ಮನುಷ್ಯ ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ.

ಜೌಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ನಮ್ಮೂರವನಾಗಿ ಒಂದು ಲೆಕ್ಕ ಹಾಕದೆ ಇರೋಕೆ ಆಗಲಿಲ್ಲ: 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದಾಗ ಈ ಹುಡುಗನಿಗೆ 12 ವರ್ಷ. ಇಲ್ಲಿ ಅವನ ದೇಶದವರು ಏನು ಮಾಡ್ತಿದ್ದಾರೆ ಅನ್ನೋದು ಅವನಿಗೆ ಗೊತ್ತಿರೋ ಸಾಧ್ಯತೆ ಕಡಿಮೆ. ಅವನಪ್ಪ ಶ್ರೀಮಂತ, ಬಿಯರ್ ತಯಾರಿಸೋ ಕಾರ್ಖಾನೆಯ ಮಾಲೀಕ. ಹುಡುಗನಿಗೆ ಬೆನ್ನುಮೂಳೆಯ ತೊಂದರೆ ಇತ್ತು, ಆರೋಗ್ಯ ಅಷ್ಟಕ್ಕಷ್ಟೇ. ಅದಕ್ಕೇ ಮನೆಯಲ್ಲೇ ಪಾಠ. 1834ರಲ್ಲಿ ಅಣ್ಣನ ಜೊತೆ ಅವನನ್ನು ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಹತ್ತಿರ ಕಲಿಯೋಕೆ ಕಳಿಸಿದ್ರು. ಡಾಲ್ಟನ್‌ಗೆ ಪಾರ್ಶ್ವವಾಯು ಹೊಡೆದು ಪಾಠ ನಿಂತುಹೋಯ್ತು. ಡಿಗ್ರಿ ಇಲ್ಲ, ಯೂನಿವರ್ಸಿಟಿ ಇಲ್ಲ, ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂತೂ ಇಲ್ಲವೇ ಇಲ್ಲ. ಅಣ್ಣತಮ್ಮಂದಿರು ವಿದ್ಯುತ್ ಹುಚ್ಚಿಗೆ ಬಿದ್ದು ಒಬ್ಬರಿಗೊಬ್ಬರು ಶಾಕ್ ಕೊಟ್ಕೊಂಡು, ಮನೆ ಕೆಲಸದವರಿಗೂ ಕೊಟ್ಟು ಮಜಾ ತಗೊಳ್ತಿದ್ರಂತೆ.

ಅವನ ಮೊದಲ ಪ್ರಶ್ನೆ ಪಕ್ಕಾ ವ್ಯಾಪಾರದ್ದು. ಕಾರ್ಖಾನೆಯ ಸ್ಟೀಮ್ ಎಂಜಿನ್ ತೆಗೆದು ಎಲೆಕ್ಟ್ರಿಕ್ ಮೋಟಾರ್ ಹಾಕಿದರೆ ದುಡ್ಡು ಉಳೀತದಾ? 19ನೇ ವಯಸ್ಸಿಗೆ ಮೋಟಾರಿನ ಬಗ್ಗೆ ಬರೆದು ಪ್ರಕಟಿಸಿದ. ನನ್ನದೇ ವಯಸ್ಸು, ಇದನ್ನು ಓದಿ ಸ್ವಲ್ಪ ಹೊಟ್ಟೆ ಉರೀತು. ಕೊನೆಗೆ ಸಿಕ್ಕ ಉತ್ತರ ಅವನಿಗೆ ಇಷ್ಟವಾಗಿರಲಿಕ್ಕಿಲ್ಲ: ಬ್ಯಾಟರಿಯಲ್ಲಿ ಕರಗೋ ಸತುವಿಗಿಂತ ಕಲ್ಲಿದ್ದಲೇ ಎಷ್ಟೋ ಅಗ್ಗ. ಮೋಟಾರ್ ಕನಸು ಬಿಟ್ಟ, ಆದರೆ ತಂತಿ ಬಿಸಿಯಾಗೋದನ್ನು ಬಿಡಲಿಲ್ಲ. ಗಾಜಿನ ಕೊಳವೆಗೆ ತಂತಿ ಸುತ್ತಿ, ನೀರಿನೊಳಗೆ ಇಳಿಸಿ, ಕರೆಂಟ್ ಹಾಯಿಸಿ, ಥರ್ಮಾಮೀಟರ್ ನೋಡ್ತಾ ಕೂತ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗ್ತದೆ ಅನ್ನೋದು ಹಿಂಗೆ ಸಿಕ್ತು. 1840ರಲ್ಲಿ ರಾಯಲ್ ಸೊಸೈಟಿಗೆ ಕಳಿಸಿದ. ಅವರು ಸಾರಾಂಶ ಮಾತ್ರ ಹಾಕಿದ್ರು. ಪೂರ್ತಿ ಲೇಖನ ಮುಂದಿನ ವರ್ಷ ಬೇರೆ ಪತ್ರಿಕೆಯಲ್ಲಿ ಬಂತು.

ನನ್ನ ತಲೆಗೆ ಲೈಟ್ ಹತ್ತಿದ್ದು ಈ ವರ್ಗದ ಲೆಕ್ಕ ಓದಿದಾಗ. ಪ್ರೊಸೆಸರ್ ಒಳಗೆ ಸಾದಾ ಹೀಟರ್ ತರಹ ಒಂದೇ ತಂತಿ ಇಲ್ಲ. ಕೋಟಿಗಟ್ಟಲೆ ಸಣ್ಣ ಸಣ್ಣ ಕೆಪಾಸಿಟರ್‌ಗಳು ಚಾರ್ಜ್ ಆಗಿ ಡಿಸ್ಚಾರ್ಜ್ ಆಗ್ತವೆ, ಪ್ರತಿ ಸಲವೂ ಆ ಶಕ್ತಿ ದಾರಿಯ ರೆಸಿಸ್ಟೆನ್ಸ್‌ನಲ್ಲಿ ಜೌಲ್ ಹೇಳಿದ ಬಿಸಿಯಾಗೇ ಹೋಗ್ತದೆ. ಹಂಗಾಗಿ ಪವರ್ ಫ್ರೀಕ್ವೆನ್ಸಿಗೆ ನೇರವಾಗಿ ಏರಿದರೆ, ವೋಲ್ಟೇಜ್‌ಗೆ ಅದರ ವರ್ಗದ ಪ್ರಮಾಣದಲ್ಲಿ ಏರ್ತದೆ. ನನ್ನ ಲೆಕ್ಕ ಹಾಕಿದೆ: ವೇಗ ಹೆಚ್ಚಾಗಿದ್ದು ಶೇ. 12, ಬಿಸಿ ಹೆಚ್ಚಾಗಿದ್ದು ಸುಮಾರು ಶೇ. 42! ಟ್ರಾನ್ಸಿಸ್ಟರ್ ಬಿಸಿಯಾದಷ್ಟು ನಿಧಾನ, ನಿಧಾನವಾದರೆ ಕ್ಲಾಕ್ ಬಡಿಯೋದರೊಳಗೆ ಸಿಗ್ನಲ್ ತಲುಪೋದಿಲ್ಲ, ಉತ್ತರ ತಪ್ಪು, ಕ್ರ್ಯಾಶ್. ಆಗ ನಾನು ಮಾಡ್ತಿದ್ದೇನು? ಇನ್ನಷ್ಟು ವೋಲ್ಟೇಜ್.

ಜೌಲ್ ಮುಂದೆ ಇನ್ನೂ ದೊಡ್ಡ ಪ್ರಶ್ನೆ ಹಿಡಿದ. ಆಗಿನ ದೊಡ್ಡ ದೊಡ್ಡ ವಿಜ್ಞಾನಿಗಳಲ್ಲಿ ತುಂಬ ಜನ ಉಷ್ಣ ಅನ್ನೋದು ಒಂದು ವಸ್ತು, ಕ್ಯಾಲೊರಿಕ್ ಅಂತ ನಂಬಿದ್ರು. ಅದು ಹರೀತದೆ, ಹೊಸದಾಗಿ ಹುಟ್ಟೋದಿಲ್ಲ ಅಂತ. ಇಲ್ಲ, ಕೆಲಸವೇ ಉಷ್ಣ ಆಗ್ತದೆ ಅನ್ನೋದು ಜೌಲ್ ವಾದ. 1843ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಓದಿದ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ವರ್ಷ ಗಾಳಿಯನ್ನು ಒತ್ತಿ ಮಾಡಿದ ಪ್ರಯೋಗದ ಲೇಖನವನ್ನು ರಾಯಲ್ ಸೊಸೈಟಿ ವಾಪಸ್ ಕಳಿಸ್ತು. 1847ರಲ್ಲಿ ತನ್ನ ವಿಚಾರವನ್ನು ಪೂರ್ತಿಯಾಗಿ ಹೇಳಿದ್ದು ಮ್ಯಾಂಚೆಸ್ಟರ್‌ನ ಒಂದು ಚರ್ಚಿನ ವಾಚನಾಲಯದಲ್ಲಿ. ಅದು ಅಚ್ಚಾಗಿದ್ದು ಊರಿನ ನ್ಯೂಸ್‌ಪೇಪರಿನಲ್ಲಿ, ಅದೂ ಅಣ್ಣ ಅಲ್ಲಿ ಸಂಗೀತದ ವಿಮರ್ಶೆ ಬರೀತಿದ್ದ ಅನ್ನೋ ಪರಿಚಯದ ಮೇಲೆ.

ಅದೇ ವರ್ಷ ಆಕ್ಸ್‌ಫರ್ಡ್ ಸಭೆಯಲ್ಲಿ ಅಧ್ಯಕ್ಷರು ಬೇಗ ಮುಗಿಸು ಅಂದ್ರು. ಈ ಸಲವೂ ಅಷ್ಟೇ ಅನ್ನೋ ಹೊತ್ತಿಗೆ, ಸಭೆಯಲ್ಲಿದ್ದ ವಿಲಿಯಂ ಥಾಮ್ಸನ್ ಅನ್ನೋ ಹುಡುಗನಿಗೆ ಇದರಲ್ಲಿ ಏನೋ ಇದೆ ಅನ್ನಿಸ್ತು. ಇವನೇ ಮುಂದೆ ಲಾರ್ಡ್ ಕೆಲ್ವಿನ್. ಆ ಆಗಸ್ಟ್‌ನಲ್ಲಿ ಜೌಲ್ ಅಮೇಲಿಯಾ ಗ್ರೈಮ್ಸ್‌ಳನ್ನು ಮದುವೆಯಾಗಿ ಆಲ್ಪ್ಸ್ ಕಡೆ ಹನಿಮೂನಿಗೆ ಹೋದ. ಅಲ್ಲಿ ಥಾಮ್ಸನ್ ಆಕಸ್ಮಿಕವಾಗಿ ಸಿಕ್ಕಾಗ ಜೌಲ್ ಕೈಯಲ್ಲಿ ಉದ್ದನೆಯ ಥರ್ಮಾಮೀಟರ್ ಇತ್ತಂತೆ. ಜಲಪಾತದ ಮೇಲಿನ ನೀರಿಗಿಂತ ಕೆಳಗಿನ ನೀರು ಎಷ್ಟು ಬಿಸಿ ಅಂತ ಅಳೆಯೋಕೆ! ಇದು ಥಾಮ್ಸನ್ ವರ್ಷಗಳ ಮೇಲೆ ಹೇಳಿದ ಕತೆ, ಸ್ವಲ್ಪ ಮಸಾಲೆ ಇರಬಹುದು. ನಮ್ಮ ಗೋಕಾಕ ಫಾಲ್ಸ್‌ಗೆ ಬಂದಿದ್ದರೆ ಏನು ಸಿಗ್ತಿತ್ತು ಅಂತ ನೋಡಿದೆ: 52 ಮೀಟರ್ ಎತ್ತರಕ್ಕೆ 0.12 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಜೋಗದ 253 ಮೀಟರಿಗೆ ಸುಮಾರು 0.6. ನೀರಿನ ತುಂತುರಿನಲ್ಲಿ ಯಾವುದನ್ನೂ ಸರಿಯಾಗಿ ಅಳೆಯೋಕಾಗೋದಿಲ್ಲ.

ಅದಕ್ಕೇ ಅವನ ನಿಜವಾದ ಕೆಲಸ ನಡೆದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ತಾಪಮಾನ ಹೆಚ್ಚು ಏರುಪೇರು ಆಗೋದಿಲ್ಲ. ತಾಮ್ರದ ಪಾತ್ರೆಯಲ್ಲಿ ನೀರು, ಒಳಗೆ ಹಿತ್ತಾಳೆಯ ರೆಕ್ಕೆಗಳು, ದಾರಕ್ಕೆ ಕಟ್ಟಿದ ಸೀಸದ ತೂಕಗಳು. ತೂಕ ಇಳಿದಂತೆ ರೆಕ್ಕೆ ತಿರುಗಿ ನೀರು ಕಡೀತದೆ, ಅವ್ವ ಮಜ್ಜಿಗೆ ಕಡೆದ ಹಾಗೆ. 20 ಸಲ ಎತ್ತಿ 20 ಸಲ ಬಿಟ್ಟರೆ ನೀರು ಬಿಸಿಯಾಗೋದು ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್. ಅವನ ಥರ್ಮಾಮೀಟರನ್ನು ಡಿಗ್ರಿಯ 200ನೇ ಒಂದು ಭಾಗದವರೆಗೆ ಓದಬಹುದಿತ್ತು. ಬಿಯರ್ ಕಾರ್ಖಾನೆಯಲ್ಲಿ ಬೆಳೆದವನಿಗೆ ತಾಪಮಾನ ನೋಡೋ ಕಣ್ಣು ಇರ್ತದೆ ಅನ್ನೋದು ನನ್ನ ಊಹೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ಪ್ರತಿ ಪ್ರಯೋಗದ ಜೊತೆ, ರೆಕ್ಕೆ ತಿರುಗಿಸದೆ ಅಷ್ಟೇ ಹೊತ್ತು ಸುಮ್ಮನೆ ಬಿಟ್ಟು ಇನ್ನೊಂದು ಅಳತೆ ತಗೊಳ್ತಿದ್ದ. ಕೋಣೆಯ ಗಾಳಿಯಿಂದ ಬಂದ ಬಿಸಿ ಎಷ್ಟು ಅಂತ ಬೇರೆ ಮಾಡೋಕೆ. 1850ರಲ್ಲಿ ಬರೆದ ಉತ್ತರ 772 ಅಡಿ-ಪೌಂಡ್. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸೋಕೆ ಬೇಕಾದ ಕೆಲಸ. ಇವತ್ತಿನ ಲೆಕ್ಕಕ್ಕೆ ಹೋಲಿಸಿದರೆ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಅದೇ ವರ್ಷ ರಾಯಲ್ ಸೊಸೈಟಿ ಅವನನ್ನು ಫೆಲೋ ಮಾಡಿಕೊಳ್ತು.

ಮರುದಿನ ನಾನೂ ಅವನ ಹಂಗೇ ಕೂತೆ. ನೋಟ್‌ಬುಕ್ ತಗೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಏನೂ ಓಡಿಸದೆ ಅರ್ಧ ತಾಸು ಬಿಟ್ಟು ತಾಪಮಾನ ಬರೆದೆ. ಆಮೇಲೆ ರ‍್ಯಾಮ್‌ನ ವೇಗ ಇಳಿಸಿ ಉಳಿದದ್ದೆಲ್ಲ ಹಾಗೇ ಇಟ್ಟೆ. 25 ನಿಮಿಷಕ್ಕೆ ಬಿತ್ತು, ಅಂದ್ರೆ ರ‍್ಯಾಮ್ ತಪ್ಪಲ್ಲ. ರ‍್ಯಾಮ್ ಮೊದಲಿನಂತೆ ಮಾಡಿ, ಪಿಸಿಯ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚಿದೆ. ಎರಡು ತಾಸು ಓಡ್ತು! ಕಳ್ಳ ಬಿಸಿಯೇ. ಕೂಲರ್ ಬಿಚ್ಚಿದರೆ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು, ರೆಕ್ಕೆಗಳ ತುಂಬ ನಮ್ಮೂರ ಕೆಂಪು ಧೂಳು. ಒರೆಸಿ ಹೊಸ ಪೇಸ್ಟ್ ಹಚ್ಚಿ, 4.5 ಗಿಗಾಹರ್ಟ್ಸ್, 1.25 ವೋಲ್ಟ್‌ಗೆ ಇಳಿಸಿದೆ. 96 ಡಿಗ್ರಿ ಇದ್ದದ್ದು 78ಕ್ಕೆ ಬಂತು. ರಾತ್ರಿಯಿಡೀ ಸ್ಟ್ರೆಸ್ ಟೆಸ್ಟ್ ಹಾಕಿದೆ, ಬೆಳಿಗ್ಗೆ ಎದ್ದು ನೋಡಿದರೆ ಒಂದು ಎರರ್ ಇಲ್ಲ. ಅಪ್ಪನಿಗೆ ಕರೆಂಟಿನದು ಏನೂ ತಪ್ಪಿಲ್ಲ ಅಂತ ಚಹಾ ಕುಡಿಯೋವಾಗ ಹೇಳಿದೆ. ಆಮೇಲೆ ಒಂದೆರಡು ನಿಮಿಷ ಯಾರೂ ಮಾತಾಡಲಿಲ್ಲ.

ಜೌಲ್‌ನ ಮುಂದಿನ ಬದುಕು ಸುಖದ್ದಲ್ಲ. 1852ರಿಂದ ಥಾಮ್ಸನ್ ಜೊತೆ ಸೇರಿ, ಒತ್ತಡದ ಗಾಳಿ ಸಣ್ಣ ರಂಧ್ರಗಳ ಮೂಲಕ ಹಾದು ಹಿಗ್ಗಿದಾಗ ತಣ್ಣಗಾಗ್ತದೆ ಅಂತ ತೋರಿಸಿದ. 1895ರಲ್ಲಿ ಜರ್ಮನಿಯ ಲಿಂಡೆ ಇದನ್ನೇ ಹಿಡಿದು ಗಾಳಿಯನ್ನು ದ್ರವ ಮಾಡಿದ. ಇವತ್ತು ರೆಕಾರ್ಡ್ ಮುರಿಯೋ ಓವರ್‌ಕ್ಲಾಕರ್‌ಗಳು ಪ್ರೊಸೆಸರ್ ಮೇಲೆ ಸುರಿಯೋ −196 ಡಿಗ್ರಿಯ ದ್ರವ ನೈಟ್ರೋಜನ್‌ಗೆ ಆ ದಾರಿ ತೆರೆದವನೂ ಇವನೇ. ಆದರೆ 1854ರಲ್ಲಿ ಹೆಂಡತಿ ತೀರಿಹೋದಳು, ಒಂದು ಹಸುಗೂಸೂ ಉಳಿಯಲಿಲ್ಲ. ಇಬ್ಬರು ಮಕ್ಕಳು ಉಳಿದರು. ಅದೇ ಸುಮಾರಿಗೆ ಕಾರ್ಖಾನೆ ಮಾರಾಟವಾಯ್ತು. ಪ್ರಯೋಗಗಳಿಗೆ ಕೈಯಿಂದಲೇ ಹಾಕ್ತಾ ಹೋದ ದುಡ್ಡು ಕರಗಿತು. 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಡ್ತು. ಆ ವಯಸ್ಸಿನಲ್ಲೂ ಹಳೇ ಪ್ರಯೋಗವನ್ನು ಮತ್ತೆ ಮಾಡಿ 772ನ್ನು 772.55 ಅಂತ ತಿದ್ದಿದ.

1889ರಲ್ಲಿ ಪ್ಯಾರಿಸ್‌ನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಶಕ್ತಿಯ ಯೂನಿಟ್‌ಗೆ ಅವನ ಹೆಸರಿಟ್ಟಿತು. ಆ ಅಕ್ಟೋಬರ್ 11ರಂದು ಸೇಲ್ ಅನ್ನೋ ಊರಿನ ತನ್ನ ಮನೆಯಲ್ಲಿ ಅವನು ತೀರಿಕೊಂಡ. ಅಲ್ಲೇ ಬ್ರೂಕ್‌ಲ್ಯಾಂಡ್ಸ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಕಲ್ಲಿನ ಮೇಲೆ 772.55 ಅಂತ ಕೆತ್ತಿದ್ದಾರೆ.