ಬಾರ್ಲೋ ರಸ್ತೆ: ಮೌಂಟ್ ಹುಡ್ ತಪ್ಪಲಿನ ಗಾಡಿದಾರಿ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರ ಮನೆಯ ಮಕ್ಕಳು ಹಿಮದಲ್ಲಿ ಆಡಲು ಪೋರ್ಟ್‌ಲೆಂಡ್ ಕಡೆಯಿಂದ ಮೌಂಟ್ ಹುಡ್‌ಗೆ ಹೋಗುವ 26ನೆಯ ಹೆದ್ದಾರಿಯ ಆಸುಪಾಸಿನ ಕಾಡಿನಲ್ಲಿ, ಎತ್ತಿನ ಗಾಡಿಗಳ ಗಾಲಿಗಳು ಕೊರೆದ ಹಳೆಯ ದಾರಿಯೊಂದರ ಗುರುತುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಬಾರ್ಲೋ ರಸ್ತೆ ಎಂದು ಹೆಸರಾದ ಈ ದಾರಿ, ಮಿಸೌರಿಯಿಂದ ಹೊರಟು ಸುಮಾರು 2,000 ಮೈಲಿ ಸಾಗುವ ಆರೆಗಾನ್ ಟ್ರೇಲ್ ಎಂಬ ವಲಸೆ ಮಾರ್ಗದ ಕೊನೆಯ ತುಂಡಾಗಿದ್ದು, ಅಷ್ಟು ದೂರವನ್ನು ದಾಟಿ ಬಂದವರಿಗೂ ಎಲ್ಲಕ್ಕಿಂತ ಕಠಿಣವೆನಿಸಿದ ಭಾಗಗಳಲ್ಲಿ ಒಂದಾಗಿತ್ತು.

1840ರ ದಶಕದಲ್ಲಿ ಬೇಸಾಯದ ಭೂಮಿಯನ್ನು ಅರಸಿ ವಿಲಾಮೆಟ್ ಕಣಿವೆಯತ್ತ ಹೊರಟ ಕುಟುಂಬಗಳು, ಬಾಗಿಸಿದ ಮರದ ಕಮಾನುಗಳ ಮೇಲೆ ದಪ್ಪ ಬಟ್ಟೆ ಹೊದಿಸಿದ ಗಾಡಿಗಳಿಗೆ ಎತ್ತುಗಳನ್ನು ಹೂಡಿ, ಹಿಟ್ಟು, ಉಪ್ಪುಹಾಕಿದ ಮಾಂಸ, ನೇಗಿಲು, ಬಿತ್ತನೆ ಬೀಜಗಳನ್ನು ತುಂಬಿಕೊಂಡು ವಸಂತದಲ್ಲಿ ಪ್ರಯಾಣ ಆರಂಭಿಸುತ್ತಿದ್ದವು. ಗಾಡಿಯ ತುಂಬ ಸಾಮಾನೇ ಇರುತ್ತಿದ್ದುದರಿಂದ ಮಕ್ಕಳೂ ಸೇರಿದಂತೆ ಬಹುತೇಕರು ದಾರಿಯುದ್ದಕ್ಕೂ ನಡೆದೇ ಬರುತ್ತಿದ್ದರು. ಹೀಗೆ ಐದಾರು ತಿಂಗಳು ಸಾಗಿ ಕೊಲಂಬಿಯಾ ನದಿಯ ದಡದ ಡಾಲ್ಸ್ ಎಂಬಲ್ಲಿಗೆ ಬಂದರೆ, ಕ್ಯಾಸ್ಕೇಡ್ ಪರ್ವತಸಾಲು ಅಡ್ಡವಾಗಿ ನಿಂತು ಗಾಡಿಯ ದಾರಿ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಗಾಡಿಗಳನ್ನು ತೆಪ್ಪಗಳ ಮೇಲೆ ಹೇರಿ, ಸುಳಿಗಳೂ ರಭಸದ ಇಳಿಹರಿವುಗಳೂ ಇದ್ದ ನದಿಯಲ್ಲಿ ಸಾಗಬೇಕಿತ್ತು. 1843ರಲ್ಲಿ ಈ ನದಿಯಲ್ಲಿ ದೋಣಿ ಮಗುಚಿ ಆಪಲ್‌ಗೇಟ್ ಮನೆತನದ ಇಬ್ಬರು ಬಾಲಕರು ನೀರುಪಾಲಾದರು.

1845ರ ಶರತ್ಕಾಲದಲ್ಲಿ ಡಾಲ್ಸ್ ತಲುಪಿದ ಸ್ಯಾಮ್ಯುಯೆಲ್ ಬಾರ್ಲೋ ಎಂಬ ವಲಸೆಗಾರ, ತೆಪ್ಪಕ್ಕಾಗಿ ಕಾಯುತ್ತ ಕೂರಲು ಒಪ್ಪದೆ, ಮೌಂಟ್ ಹುಡ್ ಬೆಟ್ಟದ ದಕ್ಷಿಣ ತಪ್ಪಲನ್ನು ಬಳಸಿ ಗಾಡಿಗಳನ್ನು ದಾಟಿಸುವುದಾಗಿ ಹೊರಟನು. ಹಿಂದೆಯೇ ಬಂದು ಸೇರಿಕೊಂಡ ಜೋಯೆಲ್ ಪಾಮರ್, ಮುಂದಿನ ದಾರಿಯನ್ನು ಎತ್ತರದಿಂದ ನೋಡಿ ಅಂದಾಜು ಮಾಡಲು ಮೌಂಟ್ ಹುಡ್‌ನ ಮೇಲ್ಭಾಗದವರೆಗೆ ಹತ್ತಿದನು. ಅವನ ತೊಗಲಿನ ಪಾದರಕ್ಷೆಗಳು ಸವೆದುಹೋಗಿದ್ದರಿಂದ ಹಿಮದ ಮೇಲೆ ಬರಿಗಾಲಿನಲ್ಲೇ ನಡೆಯಬೇಕಾಯಿತು. ಅಲ್ಲಿನ ಹಿಮನದಿಯೊಂದಕ್ಕೆ, ಎಂದರೆ ಇಳಿಜಾರಿನಲ್ಲಿ ನಿಧಾನವಾಗಿ ಜರುಗುವ ಮಂಜುಗಡ್ಡೆಯ ರಾಶಿಗೆ, ಈಗ ಅವನದೇ ಹೆಸರಿದೆ. ಅಷ್ಟರಲ್ಲಿ ಚಳಿಗಾಲ ಸಮೀಪಿಸಿ ಆಹಾರವೂ ತೀರುತ್ತ ಬಂದುದರಿಂದ, ಆ ವರ್ಷ ಗಾಡಿಗಳನ್ನು ಕಾಡಿನಲ್ಲೇ ಕಾವಲಿರಿಸಿ ಜನರು ಕಾಲ್ನಡಿಗೆಯಲ್ಲೂ ಕುದುರೆಗಳ ಮೇಲೂ ಆರೆಗಾನ್ ಸಿಟಿ ಸೇರಿದರು. ಬಾರ್ಲೋ ಅಲ್ಲಿನ ತಾತ್ಕಾಲಿಕ ಸರ್ಕಾರದಿಂದ ಪರವಾನಗಿ ಪಡೆದು, ಫಿಲಿಪ್ ಫಾಸ್ಟರ್ ಎಂಬ ವರ್ತಕನ ಜೊತೆಗೂಡಿ ಮರಗಳನ್ನು ಕಡಿಸಿ, 1846ರಲ್ಲಿ ದಾರಿಯನ್ನು ತೆರೆದನು. ಗಾಡಿಯೊಂದಕ್ಕೆ 5 ಡಾಲರ್, ದನಕರುಗಳಿಗೆ ತಲೆಗೆ 10 ಸೆಂಟ್‌ನಂತೆ ಸುಂಕ ವಸೂಲಾಗುತ್ತಿತ್ತು. ತಿಂಗಳುಗಟ್ಟಲೆ ನಡೆದು ಕೈ ಬರಿದಾದವರಿಗೆ ಇದು ಸಣ್ಣ ಮೊತ್ತವಾಗಿರಲಿಲ್ಲ.

ಈ ದಾರಿಯ ನಿಜವಾದ ಪರೀಕ್ಷೆ ಇದ್ದದ್ದು ಬೆಟ್ಟ ಹತ್ತುವುದರಲ್ಲಿ ಅಲ್ಲ, ಇಳಿಯುವುದರಲ್ಲಿ. ಸುಮಾರು 4,150 ಅಡಿ ಎತ್ತರದ ಬಾರ್ಲೋ ಕಣಿವೆದಾರಿಯನ್ನು ದಾಟಿ ಪಶ್ಚಿಮಕ್ಕೆ ಬಂದ ಗಾಡಿಗಳು ಲಾರೆಲ್ ಹಿಲ್ ಎಂಬ ಕಡಿದಾದ ಇಳಿಜಾರಿನ ತುದಿಯಲ್ಲಿ ನಿಲ್ಲುತ್ತಿದ್ದವು. ಆಗುಂಬೆ ಘಾಟಿಯ ರಸ್ತೆಯಂತೆ ತಿರುವುಗಳನ್ನು ಹಾಕಿ ಇಳಿಸುವಷ್ಟು ಕಡಿತದ ಕೆಲಸ ಇಲ್ಲಿ ಆಗಿರಲಿಲ್ಲ. ಓರೆಯಾಗಿ ಇಳಿಸಿದರೆ ಎತ್ತರದ ಗಾಡಿ ಪಕ್ಕಕ್ಕೆ ಉರುಳುವ ಅಪಾಯವಿದ್ದುದರಿಂದ, ನೇರವಾಗಿ ಕೆಳಕ್ಕೇ ಇಳಿಸುತ್ತಿದ್ದರು. ಗಾಡಿಯ ಹಿಂಭಾಗಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಗಟ್ಟಿಮರದ ಬುಡಕ್ಕೆ ಕೆಲವು ಸುತ್ತು ಸುತ್ತಿ, ಗಂಡಸರು ಹಿಮ್ಮುಖವಾಗಿ ಜಗ್ಗುತ್ತ ಗೇಣುಗೇಣಾಗಿ ಸಡಿಲಿಸುತ್ತಿದ್ದರು. ಹಗ್ಗದ ಉಜ್ಜುವಿಕೆಗೆ ತೊಗಟೆ ಸುಲಿದು ಮರದ ಮೈಯಲ್ಲಿ ಸುಟ್ಟಂಥ ಕಪ್ಪು ಗೆರೆಗಳು ಮೂಡುತ್ತಿದ್ದವು. ಇನ್ನು ಕೆಲವರು ಕೊಂಬೆಗಳ ಸಮೇತ ಕಡಿದ ಮರವನ್ನು ಗಾಡಿಯ ಹಿಂದೆ ಕಟ್ಟಿ, ಅದು ನೆಲವನ್ನು ಕಚ್ಚಿ ಎಳೆಯುವ ಭಾರದಿಂದ ವೇಗ ತಗ್ಗಿಸುತ್ತಿದ್ದರು. ವರ್ಷವರ್ಷವೂ ಗಾಡಿಗಳು ಇಳಿದಂತೆ ಮಣ್ಣು ಕೊಚ್ಚಿಹೋಗಿ, ಬರೀ ಕಲ್ಲುಗಳ ಕಾಲುವೆಯಂಥ ಜಾಡು ಉಳಿಯಿತು. ಹಸಿದ ದನಗಳು ಅಲ್ಲಿ ಬೆಳೆಯುವ ರೋಡೊಡೆಂಡ್ರನ್ ಗಿಡದ ವಿಷದ ಎಲೆಗಳನ್ನು ಮೇಯ್ದು ಸತ್ತದ್ದೂ ಉಂಟು.

ಈ ರಸ್ತೆಯ ಕೀರ್ತಿಯನ್ನೆಲ್ಲ ಬಾರ್ಲೋ ಒಬ್ಬನಿಗೇ ಕೊಡುವುದು ನ್ಯಾಯವಲ್ಲ. ಆ ಬೆಟ್ಟಗಳಲ್ಲಿ ಮೂಲನಿವಾಸಿ ಬುಡಕಟ್ಟುಗಳು ಬಹುಕಾಲದಿಂದ ಬಳಸುತ್ತಿದ್ದ ಕಾಲುದಾರಿಗಳು ಇದ್ದವು, ಮತ್ತು ವಲಸೆಗಾರರು ಅಲ್ಲಲ್ಲಿ ಅವುಗಳನ್ನೇ ಹಿಡಿದು ಸಾಗಿದರು. ಬರಿಗಾಲಿನಲ್ಲಿ ಹಿಮ ಹತ್ತಿದ ಅದೇ ಪಾಮರ್ ಮುಂದೆ ಸರ್ಕಾರಿ ಅಧಿಕಾರಿಯಾಗಿ 1855ರಲ್ಲಿ ಅಲ್ಲಿನ ಬುಡಕಟ್ಟುಗಳೊಡನೆ ಒಪ್ಪಂದ ಮಾಡಿದನು; ಅದರಿಂದ ಆ ಜನರು ತಮ್ಮ ವಿಶಾಲ ನೆಲವನ್ನು ಬಿಟ್ಟುಕೊಟ್ಟು, ವಾರ್ಮ್ ಸ್ಪ್ರಿಂಗ್ಸ್ ಎಂಬ ಮೀಸಲು ಪ್ರದೇಶಕ್ಕೆ ಸೀಮಿತರಾಗಬೇಕಾಯಿತು. ವಲಸೆಗಾರರ ಧೈರ್ಯವನ್ನು ಮೆಚ್ಚುವಾಗ ಈ ನಷ್ಟವನ್ನೂ ಮಕ್ಕಳಿಗೆ ಹೇಳಲೇಬೇಕು.

ಹಲವರ ಕೈ ಬದಲಿಸಿದ ಸುಂಕದ ರಸ್ತೆ 1919ರಲ್ಲಿ ಆರೆಗಾನ್ ರಾಜ್ಯಕ್ಕೆ ಸೇರಿತು. 1924ರಲ್ಲಿ ಹೊಸ ಹೆದ್ದಾರಿಯ ಕೆಲಸ ನಡೆಯುವಾಗ, ಹೆಸರು ತಿಳಿಯದ ಹೆಂಗಸೊಬ್ಬಳ ಸಮಾಧಿ ಬಾರ್ಲೋ ಕಣಿವೆದಾರಿಯ ಸಮೀಪ ಪತ್ತೆಯಾಯಿತು. ಈಗ ಹೆದ್ದಾರಿಯ ಬದಿಯಲ್ಲಿ ಲಾರೆಲ್ ಹಿಲ್‌ನ ಗುರುತುಫಲಕವಿದ್ದು, ಅಲ್ಲಿಂದ ಚಿಕ್ಕ ಕಾಲುದಾರಿ ಹಿಡಿದರೆ ಕಲ್ಲಿನ ಜಾಡಿನ ಬುಡಕ್ಕೇ ಹೋಗಬಹುದು. ರೋಡೊಡೆಂಡ್ರನ್ ಎಂಬ ಊರಿನ ಹತ್ತಿರ ಹಳೆಯ ಸುಂಕದ ಕಟ್ಟೆಯ ಮಾದರಿಯೊಂದನ್ನು ನಿಲ್ಲಿಸಿದ್ದಾರೆ. ಹಿಮ ಕರಗಿದ ಬೇಸಿಗೆಯ ತಿಂಗಳುಗಳೇ ಈ ನಡಿಗೆಗೆ ತಕ್ಕ ಕಾಲ.