ಗುರಿ ತಪ್ಪದ ಆನಿ ಓಕ್ಲಿ

ವಾರದ ರಜೆಯ ದಿನ ಜುಹುವಿನ ಮರಳ ದಂಡೆಗೆ ಹೋದ ನಮ್ಮ ಹೋಟೆಲ್ ಬಂಧುಗಳು ನಾಲ್ಕಾರು ಜನ ಕೂಡಿ, ಹಲಗೆಗೆ ಸಾಲಾಗಿ ಕಟ್ಟಿದ ಬೆಲೂನುಗಳಿಗೆ ಗಾಳಿಬಂದೂಕದಿಂದ ಗುರಿಯಿಟ್ಟು, ಯಾರ ಏಟು ತಾಗಿತು, ಯಾರದು ತಪ್ಪಿತು ಎಂದು ನಗುತ್ತ ಚಹಾದ ಪಣ ಕಟ್ಟುವುದುಂಟು. ಕೊಡಗಿನ ಬಂಧುಗಳಿಗೆ ಇದು ಬರಿಯ ಆಟವಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಯನ್ನು ಗುಂಡಿಟ್ಟು ಒಡೆಯುವುದು ಅವರಲ್ಲಿ ಪರಂಪರೆಯಿಂದ ಬಂದ ಪದ್ಧತಿ. ಗುರಿಯಿಡುವ ವಿನೋದಕ್ಕೆ ದೇಶಭೇದವಿಲ್ಲ. ಈ ವಿನೋದವನ್ನೇ ಜೀವನೋಪಾಯವಾಗಿ ಮಾಡಿಕೊಂಡು, ಬಡತನದ ಕೊನೆಯ ಮೆಟ್ಟಿಲಿನಿಂದ ಮೇಲೆ ಬಂದು, ಎರಡು ಖಂಡಗಳಲ್ಲಿ ಹೆಸರಾದ ಒಬ್ಬ ಅಮೆರಿಕನ್ ಹೆಂಗಸಿನ ಚರಿತ್ರೆಯನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ. ಆಕೆಯ ಮೊದಲ ಗಳಿಕೆ ಹೋಟೆಲಿನ ಅಡಿಗೆಮನೆಯಿಂದ ಬಂದಿತು. ಆಕೆಯ ಅತಿ ದೊಡ್ಡ ಹೋರಾಟ ವೃತ್ತಪತ್ರಿಕೆಗಳೊಡನೆ ನಡೆಯಿತು. ಈ ಎರಡು ವೃತ್ತಿಗಳ ಉಪ್ಪನ್ನೂ ಉಂಡಿರುವ ನಮಗೆ ಆಕೆಯ ವಿಷಯದಲ್ಲಿ ಆಸ್ಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಆನಿ ಓಕ್ಲಿ ಎಂಬುದು ರಂಗದ ಹೆಸರು. ತಾಯಿತಂದೆಗಳಿಟ್ಟ ಹೆಸರು ಫೀಬಿ ಆನ್. ೧೮೬೦ನೆಯ ಇಸವಿ ಆಗಸ್ಟ್ ೧೩ರಂದು ಓಹಾಯೊ ಸಂಸ್ಥಾನದ ಡಾರ್ಕ್ ಜಿಲ್ಲೆಯಲ್ಲಿ, ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಗುಡಿಸಲಿನಲ್ಲಿ ಆಕೆಯ ಜನನವಾಯಿತು. ತಂದೆ ಜೇಕಬ್ ವಯಸ್ಸಾದ ಬಡ ಒಕ್ಕಲಿಗ. ೧೮೬೫ರ ಚಳಿಗಾಲದಲ್ಲಿ ಗಿರಣಿಗೆ ಧಾನ್ಯ ಒಯ್ದಿದ್ದ ಆತನು ಮರಳುವಾಗ ಹಿಮದ ಬಿರುಗಾಳಿಗೆ ಸಿಕ್ಕಿ, ಕೈಕಾಲು ಮರಗಟ್ಟಿ ಮನೆ ಸೇರಿದನು. ಕೆಲವೇ ತಿಂಗಳಲ್ಲಿ ತೀರಿಕೊಂಡನು. ಆಗ ಹುಡುಗಿಗೆ ಐದು ವರ್ಷ. ಮನೆ ತುಂಬ ಮಕ್ಕಳು, ತಾಯಿಗೆ ರೋಗಿಗಳ ಶುಶ್ರೂಷೆಯಿಂದ ಬರುವ ಪುಡಿಕಾಸು. ಒಲೆಯ ಮೇಲಿನ ಗೋಡೆಯಲ್ಲಿ ತಂದೆಯ ಹಳೆಯ ಕೋವಿ ತೂಗುತ್ತಿತ್ತು. ಎಂಟನೆಯ ವಯಸ್ಸಿನ ಹೊತ್ತಿಗೆ ಹುಡುಗಿ ಅದನ್ನು ಕೆಳಗಿಳಿಸಿದಳು. ಆಟಕ್ಕಾಗಿ ಅಲ್ಲ, ಮನೆಯ ಗಡಿಗೆಗೆ ಬೀಳಲು ಏನಾದರೂ ಬೇಕಾಗಿದ್ದುದರಿಂದ.

ಅದೂ ಸಾಲಲಿಲ್ಲ. ೧೮೭೦ರಲ್ಲಿ ಒಂಬತ್ತು ವರ್ಷದ ಹುಡುಗಿಯನ್ನು ಜಿಲ್ಲೆಯ ಬಡವರ ಆಶ್ರಮಕ್ಕೆ ಸೇರಿಸಬೇಕಾಯಿತು. ಮುದುಕರು, ಅನಾಥರು, ಬುದ್ಧಿಭ್ರಮಣೆಯಾದವರು ಎಲ್ಲರನ್ನೂ ಒಂದೇ ಸೂರಿನಡಿ ತುಂಬಿದ್ದ ಸ್ಥಳವದು. ಮೇಲ್ವಿಚಾರಕನ ಹೆಂಡತಿ ಒಳ್ಳೆಯವಳು. ಹುಡುಗಿಗೆ ಹೊಲಿಗೆ ಕಲಿಸಿದಳು. ಅಲ್ಲಿಂದ ಒಂದು ಒಕ್ಕಲು ಮನೆಯವರು ಆಕೆಯನ್ನು ಕೆಲಸಕ್ಕೆ ಕರೆದೊಯ್ದರು. ವಾರಕ್ಕೆ ಐವತ್ತು ಸೆಂಟ್ ಸಂಬಳ, ಕೂಸನ್ನು ನೋಡಿಕೊಳ್ಳುವುದಷ್ಟೇ ಕೆಲಸ, ಮೇಲೆ ಶಾಲೆಗೂ ಕಳಿಸುತ್ತೇವೆ ಎಂದು ಮಾತು ಕೊಟ್ಟಿದ್ದರು. ಶಾಲೆಯ ಮುಖ ಆಕೆ ಕಾಣಲಿಲ್ಲ. ನಸುಕಿಗೆ ಎದ್ದು ಹಾಲು ಕರೆಯುವುದರಿಂದ ಹಿಡಿದು ರಾತ್ರಿ ಹರಕು ಬಟ್ಟೆಗೆ ತೇಪೆ ಹಾಕುವವರೆಗೆ ಬಿಡುವಿಲ್ಲದ ದುಡಿತ, ನಡುನಡುವೆ ಹೊಡೆತ. ಒಂದು ರಾತ್ರಿ ತೂಕಡಿಸಿದಳೆಂಬ ತಪ್ಪಿಗೆ ಬರಿಗಾಲಿನಲ್ಲಿ ಹೊರಗೆ ಹಿಮಕ್ಕೆ ದೂಡಿ ಬಾಗಿಲಿಕ್ಕಿದರು. ಸುಮಾರು ಎರಡು ವರ್ಷ ಸಹಿಸಿ, ಒಂದು ದಿನ ಹುಡುಗಿ ಓಡಿಹೋದಳು.

ಮುಂದೆ ತನ್ನ ಜೀವನವೃತ್ತಾಂತವನ್ನು ಬರೆದಾಗಲೂ ಆಕೆ ಆ ಮನೆಯವರ ಹೆಸರನ್ನು ಎತ್ತಲಿಲ್ಲ; ತೋಳಗಳೆಂದಷ್ಟೇ ಕರೆದಳು. ಓದಿಸುತ್ತೇವೆಂಬ ಮಾತಿಗೆ ಮರುಳಾಗಿ ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಮೋರಿಯ ಮುಂದೆ ತಟ್ಟೆ ತೊಳೆದವರು ನಮ್ಮಲ್ಲಿ ಎಷ್ಟು ಜನರಿಲ್ಲ! ರಾತ್ರಿಶಾಲೆಯ ಬೆಂಚಿನ ಮೇಲೆ ನಿದ್ದೆಗಣ್ಣಿನಿಂದ ಕುಳಿತು ಅಕ್ಷರ ಕಲಿತ ಹಿರಿಯರಿಗೆ ಈ ಭಾಗವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹದಿನೈದರ ಹೊತ್ತಿಗೆ ತಾಯಿಯ ಮನೆಗೆ ಮರಳಿದ ಹುಡುಗಿ ಮತ್ತೆ ಕೋವಿ ಹಿಡಿದಳು. ಈ ಬಾರಿ ವ್ಯಾಪಾರಕ್ಕೆ. ಗ್ರೀನ್‌ವಿಲ್ ಪೇಟೆಯ ದಿನಸಿ ಅಂಗಡಿಯವರು ಆಕೆ ಹೊಡೆದ ಲಾವಕ್ಕಿ, ಕಾಡುಕೋಳಿ, ಮೊಲಗಳನ್ನು ಕೊಂಡು ಸಿನ್ಸಿನಾಟಿ ನಗರದ ಹೋಟೆಲುಗಳಿಗೆ ಕಳಿಸುತ್ತಿದ್ದರು. ಆಕೆಯ ಸರಕಿಗೆ ಬೇಡಿಕೆ ಹೆಚ್ಚು; ಕಾರಣ, ಆಕೆ ತಲೆಗೇ ಗುರಿಯಿಡುತ್ತಿದ್ದಳಂತೆ, ಮಾಂಸದಲ್ಲಿ ಸೀಸದ ಚೂರು ಉಳಿಯುತ್ತಿರಲಿಲ್ಲವಂತೆ. ಸಸ್ಯಾಹಾರದ ನಮ್ಮ ಉಡುಪಿ ಹೋಟೆಲಿನವರಿಗೆ ಈ ವ್ಯವಹಾರ ದೂರದ್ದಾಗಿ ಕಾಣಬಹುದು. ಆದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಗಿರಾಕಿಯ ಮುಖವನ್ನು ಗಲ್ಲಾದ ಹಿಂದೆ ಕುಳಿತು ನೋಡಿದವರಿಗೆ ಆಕೆಯ ಹಕ್ಕಿಗಳ ಬೆಲೆ ತಟ್ಟನೆ ಅರ್ಥವಾದೀತು. ಈ ಗಳಿಕೆಯಿಂದ ತಾಯಿಯ ಮನೆಯ ಮೇಲಿದ್ದ ಇನ್ನೂರು ಡಾಲರಿನ ಅಡಮಾನದ ಸಾಲವನ್ನು ಆ ಹುಡುಗಿ ತೀರಿಸಿದಳು. ಮುಂದೆ ರಾಜಮಹಾರಾಜರಿಂದ ಬಂದ ಪದಕಗಳೆಲ್ಲಕ್ಕಿಂತ ನಮಗೆ ಈ ಇನ್ನೂರು ಡಾಲರು ದೊಡ್ಡದಾಗಿ ಕಾಣುತ್ತದೆ.

ಅದೃಷ್ಟದ ಬಾಗಿಲನ್ನು ತೆರೆದವನೂ ಒಬ್ಬ ಹೋಟೆಲ್ ಯಜಮಾನನೇ. ಫ್ರಾಂಕ್ ಬಟ್ಲರ್ ಎಂಬ ಗುರಿಕಾರನು ಊರೂರು ಅಲೆದು ಆಟ ತೋರಿಸುತ್ತ ಸಿನ್ಸಿನಾಟಿಗೆ ಬಂದಿದ್ದನು. ಐರ್ಲೆಂಡಿನಿಂದ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದು, ಸಿಕ್ಕಿದ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಮಾಡಿ ಮೇಲೆ ಬಂದವನಾತ. ಊರಿನ ಯಾವ ಗುರಿಕಾರನನ್ನಾದರೂ ಸೋಲಿಸುವೆನೆಂದು ನೂರು ಡಾಲರಿನ ಪಣ ಒಡ್ಡಿದನು. ಜ್ಯಾಕ್ ಫ್ರಾಸ್ಟ್ ಎಂಬ ಹೋಟೆಲಿನವನು ಪಣವನ್ನು ಒಪ್ಪಿ, ತನ್ನ ಅಡಿಗೆಮನೆಗೆ ಬರುವ ಹಕ್ಕಿಗಳನ್ನು ಹೊಡೆಯುತ್ತಿದ್ದ ಹಳ್ಳಿಯ ಹುಡುಗಿಯನ್ನು ಕರೆತಂದು ನಿಲ್ಲಿಸಿದನು. ಐದಡಿ ಎತ್ತರದ ಹುಡುಗಿಯನ್ನು ಕಂಡು ಬಟ್ಲರನಿಗೆ ನಗು ಬಂದಿರಬೇಕು. ಒಬ್ಬರಾದ ಮೇಲೆ ಒಬ್ಬರು ಹಾರುವ ಹಕ್ಕಿಗಳಿಗೆ ಗುರಿಯಿಡುತ್ತ ಹೋದರು. ಇಪ್ಪತ್ತನಾಲ್ಕರವರೆಗೆ ಸರಿಸಮ. ಇಪ್ಪತ್ತೈದನೆಯದು ಬಟ್ಲರನಿಗೆ ತಪ್ಪಿತು, ಹುಡುಗಿಗೆ ತಪ್ಪಲಿಲ್ಲ.

ಸೋತ ಗಂಡಸು ಏನು ಮಾಡುತ್ತಾನೆ? ಮುಖ ಗಂಟಿಕ್ಕಿಕೊಂಡು ಹೋಗುತ್ತಾನೆ, ಇಲ್ಲವೆ ಕೋವಿ ಸರಿಯಿರಲಿಲ್ಲ ಎನ್ನುತ್ತಾನೆ. ಬಟ್ಲರ್ ಹಾಗೆ ಮಾಡಲಿಲ್ಲ. ಆಕೆಯನ್ನೇ ಮೆಚ್ಚಿ ಮದುವೆಯಾದನು. ೧೮೮೨ರಲ್ಲಿ ಆತನ ಜೊತೆಗಾರ ಕಾಯಿಲೆ ಬಿದ್ದಾಗ ಹೆಂಡತಿಯನ್ನು ರಂಗಕ್ಕೆ ಕರೆತಂದನು. ಜನರ ಕಣ್ಣು ಯಾರ ಮೇಲಿದೆಯೆಂದು ತಿಳಿಯಲು ಆತನಿಗೆ ಬಹಳ ದಿನ ಬೇಕಾಗಲಿಲ್ಲ. ತಾನು ಹಿಂದೆ ಸರಿದು, ಆಕೆಯ ವ್ಯವಹಾರ ನೋಡಿಕೊಳ್ಳುತ್ತ, ಆಕೆಯ ಓದುಬರಹಕ್ಕೆ ನೆರವಾಗುತ್ತ, ಗುರಿಹಲಗೆಗಳನ್ನು ಹಿಡಿದು ನಿಲ್ಲುವ ಕೆಲಸವನ್ನು ಸಂತೋಷದಿಂದ ವಹಿಸಿಕೊಂಡನು. ೧೯೪೬ರಲ್ಲಿ ನ್ಯೂಯಾರ್ಕಿನ ರಂಗಭೂಮಿಯಲ್ಲಿ ಆಕೆಯ ಕತೆಯನ್ನು ಸಂಗೀತ ನಾಟಕವಾಗಿ ಆಡಿದರು. ಅದು ಬಹು ಜನಪ್ರಿಯವಾಯಿತು. ಅದರಲ್ಲಿ ಪ್ರಿಯನ ಮನಸ್ಸನ್ನು ಗೆಲ್ಲಲು ನಾಯಕಿ ಬೇಕೆಂದೇ ಪಂದ್ಯದಲ್ಲಿ ಸೋಲುತ್ತಾಳೆ. ನಾಟಕದವರಿಗೆ ಬಟ್ಲರನಂತಹ ಗಂಡಸನ್ನು ಊಹಿಸುವುದು ಕಷ್ಟವಾಯಿತೆಂದು ತೋರುತ್ತದೆ. ನಿಜಜೀವನದಲ್ಲಿ ಆಕೆ ಪಂದ್ಯವನ್ನೂ ಗೆದ್ದಳು, ಗಂಡನನ್ನೂ ಪಡೆದಳು.

೧೮೮೪ರಲ್ಲಿ ಸಿಟ್ಟಿಂಗ್ ಬುಲ್ ಎಂಬ ಲಕೋಟಾ ಮುಖಂಡನು ಆಕೆಯ ಆಟವನ್ನು ನೋಡಿ ಮಗಳೆಂದು ಕರೆದು, ಗುರಿ ತಪ್ಪದ ಪುಟ್ಟವಳು ಎಂಬರ್ಥದ ಹೆಸರನ್ನಿತ್ತನು. ಮರುವರ್ಷ ಆಕೆ ಬಫಲೊ ಬಿಲ್ ಎಂದು ಪ್ರಸಿದ್ಧನಾದ ವಿಲಿಯಂ ಕೋಡಿಯ ದೊಡ್ಡ ಪ್ರದರ್ಶನ ತಂಡವನ್ನು ಸೇರಿದಳು. ನಡುವೆ ಒಂದು ಸಲ ಬಿಟ್ಟು ಹೋದುದನ್ನು ಬಿಟ್ಟರೆ ಹದಿನಾರು ವರ್ಷಗಳಷ್ಟು ಕಾಲ ಆ ತಂಡದ ಮುಖ್ಯ ಆಕರ್ಷಣೆ ಆಕೆಯೇ. ಕನ್ನಡಿಯಲ್ಲಿ ನೋಡುತ್ತ ಹೆಗಲ ಮೇಲಿನಿಂದ ಹಿಂದಕ್ಕೆ ಗುಂಡು ಹಾರಿಸುವುದು, ಅಂಚು ಮಾತ್ರ ಕಾಣುವಂತೆ ಹಿಡಿದ ಇಸ್ಪೀಟೆಲೆಯನ್ನು ಸೀಳುವುದು, ಗಂಡನ ತುಟಿಯಲ್ಲಿದ್ದ ಸಿಗರೇಟಿನ ತುದಿಯನ್ನು ಹಾರಿಸುವುದು ಇವೆಲ್ಲ ಆಕೆಯ ನಿತ್ಯದ ಕಾರ್ಯಕ್ರಮ. ಮೇಲಕ್ಕೆ ಚಿಮ್ಮಿದ ಗಾಜಿನ ಗೋಲಗಳನ್ನು ಒಡೆಯುವ ಆಟ ಆಗ ಬಹಳ ರೂಢಿಯಲ್ಲಿತ್ತು. ೧೮೮೫ರಲ್ಲಿ ಒಂದು ದಿನ ಆಕೆ ತನ್ನ ಕೋವಿಗಳಿಗೆ ತಾನೇ ತೋಟಾ ತುಂಬಿಕೊಳ್ಳುತ್ತ ೫೦೦೦ ಗೋಲಗಳಿಗೆ ಗುರಿಯಿಟ್ಟು ೪೭೭೨ನ್ನು ಒಡೆದಳು. ೧೮೮೭ರಲ್ಲಿ ಲಂಡನಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ, ೧೮೮೯ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದ ಕಾಲದಲ್ಲಿ ಆಕೆಯ ಆಟ ನಡೆಯಿತು. ೧೮೯೪ರಲ್ಲಿ ಎಡಿಸನ್ನನ ಹೊಸ ಚಲಚ್ಚಿತ್ರ ಯಂತ್ರವೂ ಆಕೆಯನ್ನು ಸೆರೆಹಿಡಿಯಿತು. ಅಮೆರಿಕದಲ್ಲಿ ಬಿಟ್ಟಿ ಟಿಕೇಟಿಗೆ ತೂತು ಹೊಡೆದು ಕೊಡುವ ರೂಢಿಯಿತ್ತು. ಆ ತೂತನ್ನು ಕಂಡು ಜನ ಬಿಟ್ಟಿ ಟಿಕೇಟಿಗೇ ಆನಿ ಓಕ್ಲಿ ಎಂದು ಹೆಸರಿಟ್ಟುಬಿಟ್ಟರು. ಇಷ್ಟೆಲ್ಲ ಕೀರ್ತಿ ಬಂದರೂ ತನ್ನ ಉಡುಪನ್ನು ಆಕೆ ತಾನೇ ಹೊಲಿಯುತ್ತಿದ್ದಳು. ಆಟವಿಲ್ಲದ ವೇಳೆ ಡೇರೆಯಲ್ಲಿ ಕುಳಿತು ಕಸೂತಿ ಹಾಕುತ್ತಿದ್ದಳು. ೧೯೦೧ರ ಅಕ್ಟೋಬರಿನಲ್ಲಿ ಉತ್ತರ ಕೆರೋಲಿನಾದಲ್ಲಿ ತಂಡದ ರೈಲು ಅಪಘಾತಕ್ಕೀಡಾಗಿ ಬೆನ್ನಿಗೆ ಪೆಟ್ಟಾದ ಮೇಲೆ ಆಕೆ ಆ ತಂಡವನ್ನು ಬಿಟ್ಟಳು.

ಇನ್ನು ಪತ್ರಿಕೆಗಳ ಪ್ರಕರಣ. ೧೯೦೩ರ ಆಗಸ್ಟಿನಲ್ಲಿ ಚಿಕಾಗೋದ ಹರ್ಸ್ಟ್ ಒಡೆತನದ ಪತ್ರಿಕೆಯಲ್ಲಿ ಒಂದು ಸುದ್ದಿ ಬಂದಿತು. ಪ್ರಸಿದ್ಧ ಗುರಿಗಾತಿ ಆನಿ ಓಕ್ಲಿ ಕೊಕೇನಿನ ಚಟಕ್ಕೆ ಬಿದ್ದು, ಅದಕ್ಕೆ ಹಣ ಹೊಂದಿಸಲು ಒಬ್ಬನ ಷರಾಯಿಯನ್ನು ಕದ್ದು ಸೆರೆಮನೆ ಸೇರಿದ್ದಾಳೆ ಎಂದು. ತಂತಿಯ ಮೂಲಕ ಅದು ದೇಶವೆಲ್ಲ ಹಬ್ಬಿ ಹತ್ತಾರು ಪತ್ರಿಕೆಗಳಲ್ಲಿ ಅಚ್ಚಾಯಿತು. ನಿಜವಾಗಿ ಸಿಕ್ಕಿಬಿದ್ದವಳು ಆ ಹೆಸರನ್ನು ಹೇಳಿಕೊಂಡಿದ್ದ ಬೇರೊಬ್ಬ ನಟಿ. ಆನಿ ಆಗ ಚಿಕಾಗೋದಲ್ಲೇ ಇರಲಿಲ್ಲ. ಸತ್ಯ ಹೊರಬಿದ್ದಾಗ ಹಲವು ಪತ್ರಿಕೆಗಳು ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳಲು ನೋಡಿದವು. ಆಕೆ ಬಿಡಲಿಲ್ಲ, ಐವತ್ತೈದು ಪತ್ರಿಕೆಗಳ ಮೇಲೆ ಮಾನನಷ್ಟದ ದಾವೆ ಹೂಡಿದಳು.

ಗಲ್ಲಾದಿಂದ ನಾಣ್ಯ ಕದ್ದನೆಂದು ಒಬ್ಬ ಮಾಣಿಯ ಮೇಲೆ ಸುಳ್ಳು ಮಾತು ಹುಟ್ಟಿದರೆ, ಮರುದಿನ ನಿಜವಾದ ಕಳ್ಳ ಸಿಕ್ಕರೂ, ಎದುರು ಹೋಟೆಲಿನಲ್ಲಿ ಅವನಿಗೆ ಕೆಲಸ ಸಿಗುವುದು ದುರ್ಲಭ. ಕೈಯಲ್ಲಿ ಬಂಡವಾಳವಿಲ್ಲದವನಿಗೆ ಹೆಸರೇ ಬಂಡವಾಳ. ಇದನ್ನು ಆಶ್ರಮದಲ್ಲಿ ಬೆಳೆದ ಹೆಂಗಸಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹರ್ಸ್ಟ್ ಆಕೆಯ ಹುಟ್ಟೂರಿಗೆ ಗುಪ್ತವಾಗಿ ಜನರನ್ನು ಕಳಿಸಿ ಏನಾದರೂ ಕಳಂಕ ಸಿಕ್ಕೀತೇ ಎಂದು ಹುಡುಕಿಸಿದನು, ಏನೂ ಸಿಗಲಿಲ್ಲ. ೧೯೧೦ರವರೆಗೆ ಆಕೆ ಊರಿಂದೂರಿಗೆ ಪ್ರಯಾಣ ಮಾಡಿ ಕೋರ್ಟುಗಳ ಸಾಕ್ಷಿಕಟ್ಟೆ ಹತ್ತಿದಳು. ಐವತ್ತೈದರಲ್ಲಿ ಐವತ್ತನಾಲ್ಕು ದಾವೆಗಳಲ್ಲಿ ತೀರ್ಪು ಆಕೆಯ ಪರವಾಯಿತು, ಇಲ್ಲವೆ ಎದುರಾಳಿಗಳು ಹಣ ಕೊಟ್ಟು ರಾಜಿಯಾದರು. ಹೀಗೆ ಬಂದ ಪರಿಹಾರಕ್ಕಿಂತ ಆದ ಖರ್ಚೇ ಹೆಚ್ಚು. ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳು ಇದನ್ನು ನಷ್ಟದ ಬಾಬ್ತಿಗೆ ಹಾಕುವರೋ ಏನೋ, ನಾವು ಹಾಕಲಾರೆವು. ಇನ್ನೊಂದು ಪತ್ರಿಕೆ ಅಚ್ಚು ಮಾಡಿದೆಯೆಂಬುದು ಸುದ್ದಿ ನಿಜವೆನ್ನುವುದಕ್ಕೆ ಸಾಕ್ಷ್ಯವಲ್ಲವೆಂದು ಐವತ್ತೈದು ಸಂಪಾದಕರಿಗೆ ಆಕೆ ಕಲಿಸಿದ ಪಾಠ ನಮ್ಮ ಮೇಜಿನ ಮೇಲೂ ಇರತಕ್ಕದ್ದೇ.

೧೯೧೩ರಲ್ಲಿ ಪ್ರದರ್ಶನಗಳಿಂದ ನಿವೃತ್ತರಾದ ಮೇಲೆ ಗಂಡಹೆಂಡಿರು ಚಳಿಗಾಲಗಳನ್ನು ಉತ್ತರ ಕೆರೋಲಿನಾದ ಪೈನ್‌ಹರ್ಸ್ಟ್ ಎಂಬ ವಿಹಾರಧಾಮದಲ್ಲಿ ಕಳೆಯತೊಡಗಿದರು. ಅಲ್ಲಿನ ದೊಡ್ಡ ಹೋಟೆಲಿಗೆ ರಜೆ ಕಳೆಯಲು ಬಂದವರಿಗೆ ಗುರಿಯಾಟದ ಕ್ಲಬ್ಬಿತ್ತು. ಹೊಟ್ಟೆಪಾಡಿಗೆ ಹಿಡಿದ ಕೋವಿ ಇಲ್ಲಿ ಸ್ನೇಹಿತರ ನಡುವಿನ ವಿನೋದವಾಯಿತು. ಇಲ್ಲಿಯ ಗುರಿ ಹಕ್ಕಿಯಲ್ಲ, ಗಾಜೂ ಅಲ್ಲ. ಬೋರಲು ಹಾಕಿದ ಸಣ್ಣ ತಟ್ಟೆಯಂತಹ ಬಿಲ್ಲೆ, ನಾಲ್ಕು ಅಂಗುಲಕ್ಕಿಂತ ತುಸು ಹೆಚ್ಚು ಅಗಲದ್ದು. ಸಿನ್ಸಿನಾಟಿಯ ಲಿಗೋಸ್ಕಿ ಎಂಬಾತನು ೧೮೮೦ರಲ್ಲಿ ಇಂಥ ಮಣ್ಣಿನ ಬಿಲ್ಲೆಯನ್ನು ಕಂಡುಹಿಡಿದಮೇಲೆ ಪಂಜರದ ಪಾರಿವಾಳಗಳನ್ನು ಹಾರಬಿಟ್ಟು ಕೊಲ್ಲುವ ಕ್ರೂರವಾದ ಆಟ ಕ್ರಮೇಣ ಹಿಂದೆ ಬಿದ್ದಿತು. ಯಂತ್ರವು ಬಿಲ್ಲೆಯನ್ನು ಚಿಮ್ಮುತ್ತದೆ, ಯಾವ ಓರೆಗೆಂದು ಮೊದಲೇ ತಿಳಿಯದು. ಗುರಿಕಾರನು ಹದಿನಾರು ಗಜ ಹಿಂದೆ ನಿಂತು, ಕ್ಷಣಕ್ಷಣಕ್ಕೂ ದೂರ ಸರಿಯುವ ಬಿಲ್ಲೆ ಇರುವ ಕಡೆಗಲ್ಲ, ಅದು ಹೋಗಲಿರುವ ಕಡೆಗೆ ಕೋವಿಯನ್ನು ತಿರುಗಿಸುತ್ತಲೇ ಕುದುರೆ ಒತ್ತಬೇಕು.

ಹೆಂಗಸರು ಕೋವಿ ಮುಟ್ಟುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಆಕೆ ಅಲ್ಲಿಗೆ ಬಂದ ಹೆಂಗಸರನ್ನು ಕರೆಕರೆದು ಪುಕ್ಕಟೆಯಾಗಿ ಪಾಠ ಹೇಳಿದಳು. ತನ್ನ ಜೀವಮಾನದಲ್ಲಿ ಸಾವಿರಾರು ಹೆಂಗಸರಿಗೆ ಆಕೆ ಈ ವಿದ್ಯೆ ಕಲಿಸಿದಳೆನ್ನುತ್ತಾರೆ. ಡೇವ್ ಎಂಬ ನಾಯಿಯೂ ಜೊತೆಗಿತ್ತು. ತಲೆಯ ಮೇಲಿಟ್ಟ ಸೇಬನ್ನು ಒಡತಿ ಗುಂಡಿನಿಂದ ಸೀಳುವಾಗ ಅದು ಅಲುಗುತ್ತಿರಲಿಲ್ಲ. ೧೯೨೨ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಆಕೆ ಪೈನ್‌ಹರ್ಸ್ಟಿನ ಮೈದಾನದಲ್ಲಿ ಹದಿನಾರು ಗಜದಿಂದ ನೂರು ಬಿಲ್ಲೆಗಳಿಗೆ ಗುರಿಯಿಟ್ಟು ನೂರನ್ನೂ ಒಡೆದಳು.

ಅದೇ ವರ್ಷ ನವೆಂಬರಿನಲ್ಲಿ ಫ್ಲೋರಿಡಾದಲ್ಲಿ ಮೋಟಾರು ಅಪಘಾತವಾಗಿ ಸೊಂಟದ ಮೂಳೆ ಮುರಿಯಿತು. ಕಾಲಿಗೆ ಉಕ್ಕಿನ ಪಟ್ಟಿ ಕಟ್ಟಿಕೊಂಡು ಮತ್ತೆ ಕೋವಿ ಹಿಡಿದಳು. ಆದರೆ ದೇಹ ಸೋತಿತ್ತು. ೧೯೨೬ರ ನವೆಂಬರ್ ೩ರಂದು, ಮೊದಲ ಹಕ್ಕಿಗಳನ್ನು ಮಾರಿದ ಅದೇ ಗ್ರೀನ್‌ವಿಲ್ ಪೇಟೆಯಲ್ಲಿ ಆಕೆ ಕಣ್ಣು ಮುಚ್ಚಿದಳು. ನಲವತ್ತು ವರ್ಷಗಳಿಗೂ ಮಿಗಿಲಾಗಿ ಸಂಸಾರ ನಡೆಸಿದ ಬಟ್ಲರ್ ಆಗ ಮಿಷಿಗನ್ನಿನಲ್ಲಿ ಕಾಯಿಲೆ ಮಲಗಿದ್ದನು. ಹದಿನೆಂಟು ದಿನಗಳ ಮೇಲೆ ಆತನೂ ತೀರಿಕೊಂಡನು. ಡಾರ್ಕ್ ಜಿಲ್ಲೆಯ ಬ್ರಾಕ್ ಎಂಬಲ್ಲಿನ ಸಣ್ಣ ಸ್ಮಶಾನದಲ್ಲಿ ಇಬ್ಬರ ಸಮಾಧಿಗಳೂ ಅಕ್ಕಪಕ್ಕದಲ್ಲಿವೆ.