ಪರದೇಶದಲ್ಲಿ ಮಡಿದ ಮಿದುಳಿನ ಪಂಡಿತ

ಮಿದುಳಿಗೂ ಕಾವಲುಗಾರರುಂಟೆಂದು ಲೋಕಕ್ಕೆ ತೋರಿಸಿಕೊಟ್ಟವರು ಸ್ಪೇನ್ ದೇಶದ ಪಿಯೋ ದೆಲ್ ರಿಯೋ ಒರ್ತೇಗ. ೧೮೮೨ರಲ್ಲಿ ವಯ್ಯದೊಲೀದ್ ಪ್ರಾಂತದಲ್ಲಿ ಜನಿಸಿದ ಇವರು ವೈದ್ಯವಿದ್ಯೆಯನ್ನು ಕಲಿತು ಮ್ಯಾಡ್ರಿಡ್ ಸೇರಿದರು. ಬೆಳ್ಳಿಯ ಕಾರ್ಬೊನೇಟಿನಿಂದ ಮಿದುಳಿನ ತೆಳುಪದರಗಳಿಗೆ ಬಣ್ಣವೇರಿಸಿ, ೧೯೧೯ರಲ್ಲಿ ಕೆಲವು ಪುಟ್ಟ ಜೀವಕೋಶಗಳನ್ನು ಬೇರೆಯಾಗಿ ಗುರುತಿಸಿ ಮೈಕ್ರೋಗ್ಲಿಯ ಎಂದು ಹೆಸರಿಟ್ಟರು. ಪೆಟ್ಟು ಬಿದ್ದೆಡೆಗೆ ಇವು ಸರಿದು ಹೋಗಿ ಕಸವನ್ನು ನುಂಗುತ್ತವೆ. ಇವೇ ಮಿತಿಮೀರಿ ಕೆರಳಿದರೆ ಮಿದುಳು ನರಗಳನ್ನು ಹುರಿದುಂಬಿಸಿ, ರಕ್ತನಾಳಗಳು ಬಿಗಿದು, ರಕ್ತದೊತ್ತಡವೇರಬಲ್ಲುದೆಂದು ಇಲಿಗಳ ಮೇಲೆ ಈಚೆಗೆ ನಡೆದ ಪ್ರಯೋಗಗಳಿಂದ ತಿಳಿದುಬಂದಿದೆ.

ಗುರುಸಮಾನರಾದ ಕಹಾಲರೊಡನೆ ಮನಸ್ತಾಪ ಬೆಳೆದು, ೧೯೨೦ರಲ್ಲಿ ಒರ್ತೇಗರು ಅವರ ಪ್ರಯೋಗಶಾಲೆಯಿಂದ ಹೊರಬೀಳಬೇಕಾಯಿತು. ವಿದ್ವಾಂಸರ ಮನೆಯಲ್ಲಿಯೂ ಜಗಳ ತಪ್ಪದು. ೧೯೩೬ರಲ್ಲಿ ಆರಂಭವಾದ ಅಂತರ್ಯುದ್ಧವು ಅವರಿಗೆ ತಾಯ್ನಾಡನ್ನೇ ಬಿಡಿಸಿತು. ಪ್ಯಾರಿಸ್, ಆಕ್ಸ್‌ಫರ್ಡ್‌ಗಳಲ್ಲಿ ದುಡಿದು, ಕಡೆಗೆ ಬ್ಯೂನಸ್ ಐರಿಸ್ ನಗರದಲ್ಲಿ ನೆಲೆಸಿ, ೧೯೪೫ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಅಸ್ಥಿ ವಯ್ಯದೊಲೀದಿಗೆ ಮರಳಿದ್ದು ೧೯೮೬ರಲ್ಲಿ.